ಅಣ್ಣನ ಬೆನ್ನಿಗೆ ಎರಡು ಬಗೆಯ ಸ್ಕ್ರೂ

ಅರವತ್ತರ ದಶಕದ ಮಧ್ಯಭಾಗ. ಜೋಯಿಡಾ ರಸ್ತೆಯ ಒಂದು ತಿರುವಿನಲ್ಲಿ, ಬಿದಿರು ತುಂಬಿದ ಲಾರಿಯ ಮೇಲಿಂದ ಅಣ್ಣ ಬಿದ್ದ. ಬೆನ್ನುಮೂಳೆಯ ಒಂದು ಮಣಿ ಮುರಿಯಿತು. ಕಾಲ್ಬೆರಳುಗಳು ಇನ್ನೂ ಆಡುತ್ತಿದ್ದವು. ಮುರಿದ ಮಣಿ ಜರುಗಿದರೆ ಅದೂ ನಿಲ್ಲುತ್ತದೆ, ಸ್ಕ್ರೂ ಹಾಕಿ ಬಿಗಿಯಬೇಕು ಎಂದರು ಶಸ್ತ್ರವೈದ್ಯರು. ನಮ್ಮ ಕಡೆ ಆಗ ಅದು ಹೊಸ ಮಾತು.

ಅವರ ಮೇಜಿನ ಮೇಲೆ ಎರಡು ಬಗೆಯ ಸ್ಕ್ರೂಗಳಿದ್ದವು. ಒಂದರ ನಡು ದಪ್ಪ, ಮೈಮೇಲಿನ ಸುತ್ತುಗಳು ಒತ್ತೊತ್ತಾಗಿ, ತೆಳ್ಳಗೆ. ಇನ್ನೊಂದರ ನಡು ಸಣ್ಣ, ಸುತ್ತುಗಳು ಅಗಲ, ಆಳ. ಅಕ್ಕನ ಗಂಡ ದಾಂಡೇಲಿಯ ಪೇಪರ್ ಮಿಲ್ಲಿನಲ್ಲಿ ಫಿಟ್ಟರ್. ಎರಡನ್ನೂ ಬೆಳಕಿಗೆ ಹಿಡಿದು, "ಒಂದೊಂದು ಕೊಡ್ರಿ ಸಾಹೇಬ್ರ, ನೋಡಿ ಹೇಳ್ತೇನಿ" ಎಂದರು. ವೈದ್ಯರು ನಕ್ಕರು; ಆದರೂ ಕೊಟ್ಟರು.

ಭಾವ ಮೊದಲು ಸಾಗವಾನಿಯ ತುಂಡಿಗೆ ಹಾಕಿ ಎಳೆದರು. ನಮ್ಮೂರಲ್ಲಿ ಏನನ್ನೇ ಪರೀಕ್ಷಿಸಿದರೂ ಅದರ ಮೇಲೆಯೇ. ಎರಡೂ ಅಲುಗಲಿಲ್ಲ.

"ನನ್ನ ತಮ್ಮಂದೇನು ಸಾಗವಾನಿ ಬೆನ್ನೇನ್ರಿ?" ಎಂದಳು ಅಕ್ಕ.

ಮರುದಿನ ಹಳಿಯಾಳದಿಂದ ಕುರಿಯ ಹಸಿ ಬೆನ್ನೆಲುಬು ತಂದರು. ನೇರ ಎಳೆದಾಗ ಆಳ ಸುತ್ತಿನದು ಗಟ್ಟಿಯಾಗಿ ನಿಂತಿತು. ದಪ್ಪ ನಡುವಿನದು ಬೇಗ ಕಿತ್ತು ಬಂತು. ಆಮೇಲೆ ಬೇರೆ ತೂತುಗಳಿಗೆ ಹಾಕಿ, ಮನುಷ್ಯ ಬಾಗಿ ಏಳುವ ಹಾಗೆ ಸ್ಕ್ರೂಗಳ ತಲೆಯನ್ನು ಅತ್ತಿತ್ತ ಆಡಿಸಿದರು. ಮೂರನೆಯ ಸಂಜೆ ಆಳ ಸುತ್ತಿನದು ಕುತ್ತಿಗೆಯ ಬಳಿ ಟಕ್ಕೆಂದು ಮುರಿಯಿತು. ದಪ್ಪನೆಯದು ಮುರಿಯಲಿಲ್ಲ. ತನ್ನ ತೂತನ್ನು ದೊಡ್ಡದು ಮಾಡಿಕೊಂಡಿತ್ತು.

"ಒಂದು ಮುರೀತೈತಿ, ಇನ್ನೊಂದು ಸಡ್ಲ ಆಗ್ತೈತಿ" ಎಂದು ಭಾವ ವೈದ್ಯರಿಗೆ ವರದಿ ಒಪ್ಪಿಸಿದರು.

"ಜೀವಂತ ಎಲುಬು ಕೂಡಿಕೊಳ್ತೈತಿ. ಕೂಡೂ ಮಟ ಸ್ಕ್ರೂ ತಡದ್ರ ಸಾಕು. ಒಳಗ ಮುರದ್ರ ತಗಿಯೂದು ಭಾಳ ಕಷ್ಟ" ಎಂದು ವೈದ್ಯರು ದಪ್ಪನೆಯದನ್ನೇ ಆರಿಸಿದರು.

ಅಣ್ಣ ಮಲಗಿದಲ್ಲಿಂದಲೇ, "ಸಡ್ಲ ಆದ್ರ ಭಾವಾ ಪಾನಾ ತಗೊಂಡು ಬಂದು ಬಿಗೀತಾರ ಬಿಡ್ರಿ" ಎಂದ.

ಶಸ್ತ್ರಕ್ರಿಯೆಯಾದ ನಾಲ್ಕು ತಿಂಗಳಿಗೆ ಅವನು ಎದ್ದು ನಡೆದ. ಐದನೆಯ ತಿಂಗಳ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುವ ಸ್ಕ್ರೂಗಳ ಸುತ್ತ ಕೂದಲಿನಷ್ಟು ಕಪ್ಪು ಗೆರೆ. ಎಂಟನೆಯ ತಿಂಗಳಿನದರಲ್ಲಿ ಅದು ದಾರದಷ್ಟು ದಪ್ಪ.

"ಸ್ಕ್ರೂ ಸಡ್ಲ ಆಗ್ಯಾವು, ಎಲುಬು ಇನ್ನೂ ಕೂಡಿಲ್ಲ. ಏನೂ ಎತ್ತಬ್ಯಾಡ್ರಿ" ಎಂದರು ವೈದ್ಯರು. ಅಣ್ಣ ತಲೆಯಾಡಿಸಿದ. ಎದ್ದು ನಡೆಯುವವನ ಕಿವಿಗೆ ಅದೆಷ್ಟು ಬಿತ್ತೋ.

ಆಸ್ಪತ್ರೆಯಿಂದ ಊರಿಗೆ ಹಿಂದಿರುಗುವಾಗ ಹಳಿಯಾಳದ ಬಸ್‌ಸ್ಟ್ಯಾಂಡಿನಲ್ಲಿ ಇಳಿದೆವು. ಮುದುಕಿಯೊಬ್ಬಳು ಜೋಳದ ಚೀಲ ಎಳೆಯುತ್ತಿದ್ದಳು.

"ಸರೀರಿ ಯವ್ವಾ, ಇದೇನು ಭಾರ" ಎಂದು ಅಣ್ಣ ಬಾಗಿದ.

"ಏ, ಬ್ಯಾಡೋ!" ಎಂದು ಭಾವ ಕೂಗುವುದರೊಳಗೆ ಚೀಲ ಅವನ ಹೆಗಲೇರಿತ್ತು. ನಾಲ್ಕು ಹೆಜ್ಜೆ ನಡೆದು ನಿಂತ. ಚೀಲ ಇಳಿಸಲಿಲ್ಲ, ನಮ್ಮ ಕಡೆ ತಿರುಗಲೂ ಇಲ್ಲ.

"ಬಲಗಾಲು ನೆಲಕ್ಕ ಹತ್ತೈತೇನು ನೋಡ್ರಿ ಭಾವಾ. ನನಗ ತಿಳೀವಲ್ದು."