ಹುಣಸೆ ಬೀಜ ಇಟ್ಟ ಜಾಗ

ಮೊಮ್ಮಗಳು ಮೊಬೈಲು ಕೈಗೆ ಕೊಟ್ಟು, "ತಾತ, ನಿನ್ನ ಸ್ಕೂಲಿನ ಕತೆ ಬರಿ" ಎಂದು ಪ್ರಾಣ ತಿನ್ನುತ್ತಿದ್ದಾಳೆ. ನಾನು ಓದಿದ್ದೇ ಮೂರನೇ ಕ್ಲಾಸು, ಬರೆಯುವುದೇನು, ಮಣ್ಣು! ಆದರೂ ಇವತ್ತು ಅವಳ ಮಗಳು ಗುಣಾಕಾರ ಮಾಡುವಾಗ ಎರಡನೇ ಸಾಲಿನ ಕೊನೆಗೊಂದು ನಕ್ಷತ್ರ ಹಾಕಿದ್ದು ಕಂಡು ಸುಮ್ಮನಿರಲಾಗಲಿಲ್ಲ.

ಆಗ ನಮ್ಮೂರಲ್ಲಿ ಚಾವಡಿಯೇ ಶಾಲೆ. ಎರಡಂಕಿ ಗುಣಾಕಾರ ಬಂದರೆ ಮೇಷ್ಟ್ರು ನಸ್ಯ ಮೆತ್ತಿದ ಬೆರಳಲ್ಲೇ ಸ್ಲೇಟಿನಲ್ಲಿ ಆ ನಕ್ಷತ್ರದ ಜಾಗಕ್ಕೊಂದು ಹುಣಸೆ ಬೀಜ ಇಡುತ್ತಿದ್ದರು.

"ಇದು ಪಂಕ್ತೀಲಿ ದೊಡ್ಡೋರಿಗೆ ಬಿಟ್ಟ ಎಲೆ ಇದ್ದಂಗೆ ಕಣ್ರೋ. ಇಲ್ಲಿ ಯಾವ ಅಂಕಿನೂ ಕೂರಬಾರ್ದು."

"ಆ ದೊಡ್ಡೋರು ಬರೋದು ಯಾವಾಗ ಸಾ?" ಎಂದೆ. ತಿಳಿಯಲೆಂದೇ ಕೇಳಿದ್ದು. ಚಾವಡಿಯೆಲ್ಲ ನಕ್ಕಿತು, ನನ್ನ ಬೆನ್ನಿಗೆ ಬೆತ್ತ ಬಿತ್ತು.

ಬಾಸುಂಡೆ ನೋಡಿದ ಅಪ್ಪ, "ಎಮ್ಮೆ ಕಾಯೋಕೆ ಗುಣಾಕಾರ ಯಾಕ್ಲಾ? ನಾಳೆಯಿಂದ ಹೋಗ್ಬೇಡ" ಅಂದ. ಅಲ್ಲಿಗೆ ನನ್ನ ಓದು ಮುಗಿಯಿತು.

ಇವತ್ತು ಮರಿಮಗಳೂ, "ಇಲ್ಲಿ ಯಾಕಮ್ಮಾ ಸ್ಟಾರು?" ಎಂದು ಕೇಳಿದಳು. "ಮಿಸ್ ಹೇಳಿದಾರಲ್ಲ, ಸುಮ್ನೆ ಹಾಕು" ಎಂದು ಅವಳಮ್ಮ ಗದರಿದಳು. ಮಗು ಪೆನ್ಸಿಲ್ ಕೆಳಗಿಟ್ಟಿತು.

ಇದನ್ನು ಓದುವ ಮೇಷ್ಟ್ರುಗಳೇ, ಆ ಜಾಗ ಏಕೆ ಬಿಡಬೇಕು? ಮಗುವಿಗೆ ಅರ್ಥವಾಗುವಂತೆ ಭಾನುವಾರದೊಳಗೆ ಬರೆಯಿರಿ. ಸೋಮವಾರ ಅವಳು ಶಾಲೆಗೆ ಹೋಗಬೇಕು.