ಮಡಚಿ ಓದಿಸಿದ ಪದಗಳು

ಉದ್ದ ಪದಗಳನ್ನು ಓದಲು ನಾನು ಕಲಿತದ್ದು ಲಗ್ನಪತ್ರಿಕೆಗಳಿಂದ. ಧಾರವಾಡದ ನಮ್ಮ ಕನ್ನಡ ಶಾಲೆಯಲ್ಲಿ ಮೂರನೇ ಇಯತ್ತೆಗೆ ಬಂದ ಮೇಲೆ ಅಕ್ಕೋರು, ಅಂದರೆ ನಮ್ಮ ಟೀಚರ್, ಮದುವೆ ಮುಗಿದ ಮನೆಗಳಿಂದ ಹಳೆಯ ಪತ್ರಿಕೆಗಳನ್ನು ತರಿಸುತ್ತಿದ್ದರು. ಪಠ್ಯಪುಸ್ತಕದಲ್ಲಿ ಅಷ್ಟು ಉದ್ದದ ಪದಗಳು ಸಿಗುವುದಿಲ್ಲ ಎಂಬುದು ಅವರ ವಾದ. ‘ಸಹಕುಟುಂಬಪರಿವಾರಸಮೇತರಾಗಿ’ ಎಂಬ ಪದವನ್ನು ಕತ್ತರಿಸಿ ತೆಗೆದು, ಆ ಚೀಟಿಯನ್ನು ಮಡಚಿ, ಮೊದಲು ‘ಸಹ’ ಅನ್ನುವುದನ್ನಷ್ಟೇ ತೋರಿಸುತ್ತಿದ್ದರು. ಅದು ಬಾಯಿಗೆ ಬಂದ ಮೇಲೆ ಒಂದು ಮಡಿಕೆ ಬಿಚ್ಚುತ್ತಿದ್ದರು, ಆಮೇಲೆ ಇನ್ನೊಂದು. ಕೊನೆಯ ಮಡಿಕೆ ಬಿಚ್ಚುವಷ್ಟರಲ್ಲಿ ಇಡೀ ಪದ ನಮ್ಮದಾಗಿರುತ್ತಿತ್ತು. ಮುಂದಿನದನ್ನು ನೋಡದೆ ಅಂದಾಜಿನ ಮೇಲೆ ಹೇಳಿದರೆ ಮಾತ್ರ ಫುಟ್‌ಪಟ್ಟಿ ಬೆರಳ ಗೆಣ್ಣಿನ ಮೇಲೆ ಬೀಳುತ್ತಿತ್ತು. ಆ ಏಟನ್ನೂ ನಾನು ಇವತ್ತಿಗೂ ಪ್ರೀತಿಯಿಂದಲೇ ನೆನೆಯುತ್ತೇನೆ. ನನ್ನ ತೊಂದರೆ ಶುರುವಾಗುವುದೇ ಅಲ್ಲಿಂದ.

ಈಗ ನಾನು ಲಂಡನ್ನಿನ ಇಲ್ಫರ್ಡಿನ ಒಂದು ಪ್ರೈಮರಿ ಶಾಲೆಯಲ್ಲಿ ಸಹಾಯಕ ಟೀಚರ್. ಓದಿನಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಇಂಗ್ಲಿಷಿನ ಉದ್ದ ಪದಗಳನ್ನು ಬಿಡಿಸಿ ಓದಿಸುವುದು ನನ್ನ ಕೆಲಸ. ಇಲ್ಲಿ ಮಡಿಕೆಯ ಬದಲು ಬೆರಳು. ‘ಅನ್‌ಕಂಫರ್ಟಬಲ್’ ಬಂದರೆ ಮುಂದಿನದನ್ನೆಲ್ಲ ಬೆರಳಿನಿಂದ ಮುಚ್ಚಿ ‘ಅನ್’ ಓದಿಸಬೇಕು, ಆಮೇಲೆ ‘ಕಂಫರ್ಟ್’, ಆಮೇಲೆ ಬಾಲ. ಮೊದಲ ಅಕ್ಷರಗಳನ್ನು ಕಂಡಿದ್ದೇ ‘ಅಂಕಲ್’ ಎಂದು ಹೇಳಿ ಮುಂದೆ ಓಡುವ ಮಕ್ಕಳೇ ಹೆಚ್ಚು. ನಾನು ನಕ್ಕು, ಚೆನ್ನಾಗಿ ಪ್ರಯತ್ನಪಟ್ಟೆ, ಇನ್ನೊಮ್ಮೆ ನೋಡೋಣವೇ ಎನ್ನುತ್ತೇನೆ. ನನ್ನಷ್ಟು ತಾಳ್ಮೆ ಯಾರಿಗೂ ಇಲ್ಲವೆಂದು ಸ್ಟಾಫ್ ರೂಮಿನಲ್ಲಿ ಹೆಸರಾಗಿದೆ. ನಿಜ ಏನೆಂದರೆ, ಇಂಗ್ಲಿಷಿನಲ್ಲಿ ನನಗೆ ಸಿಟ್ಟು ಮಾಡಲು ಬರುವುದಿಲ್ಲ. ವಾಕ್ಯ ಜೋಡಿಸಿಕೊಳ್ಳುವಷ್ಟರಲ್ಲಿ ಸಿಟ್ಟು ಆರಿಹೋಗಿರುತ್ತದೆ.

ಕನ್ನಡದಲ್ಲಿ ಹಾಗಲ್ಲ. ಜೋಡಿಸುವ ಕಷ್ಟವೇ ಇಲ್ಲ, ಎಲ್ಲ ತಯಾರಾಗಿಯೇ ನಾಲಿಗೆಯ ತುದಿಯಲ್ಲಿರುತ್ತದೆ. ಊರಿನ ಇನ್ನೊಂದು ತುದಿಯ ಹೇಸ್‌ನಲ್ಲಿ ಬಾಡಿಗೆಗೆ ಹಿಡಿದ ಒಂದು ಹಾಲ್‌ನಲ್ಲಿ ಭಾನುವಾರ ನಮ್ಮ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಅಲ್ಲಿ ನಾನು ಆ ಹಳೆಯ ಅಕ್ಕೋರೇ, ಫುಟ್‌ಪಟ್ಟಿ ಒಂದು ಕಡಿಮೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ನನ್ನ ಗಂಡ ಚುಡಾಯಿಸುತ್ತಾರೆ. ನಾನು ನಗುತ್ತೇನೆ, ಆದರೆ ಆ ಮಾತು ಚುಚ್ಚುತ್ತದೆ. ಮಾರಿಯ ರುಚಿ ನಿಜವಾಗಿ ಕಂಡವಳು ನಮ್ಮ ಮಗಳು.

ಅವಳಿಗೆ ಆಗ ಎಂಟು ವರ್ಷ. ನಾನು ಪಾರ್ಕ್ ರಾಯಲ್‌ನಲ್ಲಿ ಸ್ಯಾಂಡ್‌ವಿಚ್ ಕಟ್ಟುವ ಕೆಲಸ ಮುಗಿಸಿ, ಎರಡು ರೈಲು ಬದಲಿಸಿ, ಕೈಗೆ ಹತ್ತಿದ ಈರುಳ್ಳಿ ವಾಸನೆ ಹೋಗುವ ಮೊದಲೇ ಅವಳನ್ನು ಕನ್ನಡಕ್ಕೆ ಕೂರಿಸುತ್ತಿದ್ದೆ. ಅಡಿಗೆಮನೆಯ ಮೇಜು, ಒಲೆಯ ಮೇಲೆ ಸಾರು, ಕಿಟಕಿಗೆ ಹಬೆ. ಆ ಸಂಜೆಗಳು ಈಗ ಎಷ್ಟು ಚೆಂದ ಕಾಣುತ್ತವೆ ಎಂದರೆ, ಚೆಂದ ಇರಲಿಲ್ಲ ಎಂದು ನನಗೆ ನಾನೇ ನೆನಪು ಮಾಡಿಕೊಳ್ಳಬೇಕಾಗುತ್ತದೆ. ಅವಳು ಪದದ ತಲೆ ನೋಡಿ ಬಾಲವನ್ನು ಊಹಿಸುತ್ತಿದ್ದಳು. ನನಗೆ ನೆತ್ತಿ ಕಾಯುತ್ತಿತ್ತು. ಒಂದು ದಿನ, ತಲೆಯಲ್ಲಿ ಏನಿದೆ ಎಂದು ಕೂಗಿ ಪುಸ್ತಕವನ್ನು ಕಿತ್ತು ಒಗೆದೆ. ಅವಳು ಅಳಲಿಲ್ಲ. ನೀನು ಹೇಳಿದ್ದು ನನಗೆ ಅರ್ಥವಾಗುತ್ತದೆ, ಅಷ್ಟು ಸಾಕು, ಓದುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿ ಎದ್ದುಹೋದಳು. ಓದಲೂ ಇಲ್ಲ, ಆಮೇಲೆ ನನ್ನ ಜೊತೆ ಕನ್ನಡ ಮಾತಾಡಲೂ ಇಲ್ಲ. ಇಪ್ಪತ್ತು ವರ್ಷವಾಯಿತು. ದಿನಾ ಫೋನಿನಲ್ಲಿ ಮಾತಾಡುತ್ತೇವೆ, ನಾನು ಕನ್ನಡದಲ್ಲಿ, ಅವಳು ಇಂಗ್ಲಿಷಿನಲ್ಲಿ. ಅವಳು ಒಳ್ಳೆಯ ಮಗಳು. ಆದರೆ ಅವಳಿಂದ ಕನ್ನಡವನ್ನು ಕಿತ್ತುಕೊಂಡವಳು ನಾನೇ ಎಂಬ ದುಃಖ ನನ್ನನ್ನು ಬಿಟ್ಟಿಲ್ಲ.

ಹಾಗಾಗಿಯೇ ಕಳೆದ ವರ್ಷ ಭಾನುವಾರದ ಕನ್ನಡ ಕ್ಲಾಸಿಗೆ ಬಂದ ಕುಂದಾಪುರದ ಕಡೆಯ ಹುಡುಗಿಯನ್ನು ಕಂಡು ನನಗೆ ಹೆದರಿಕೆಯಾಯಿತು. ಒಂಬತ್ತು ವರ್ಷದವಳು. ಅಪ್ಪ ರೆಸ್ಟೋರೆಂಟಿನಲ್ಲಿ ದೋಸೆ ಹಾಕುತ್ತಾರೆ, ಅಮ್ಮ ಒಂದು ಗೋಡೌನಿನ ಆಫೀಸಿನಲ್ಲಿದ್ದಾರೆ. ಕಾಗುಣಿತ ನೀರು ಕುಡಿದಷ್ಟು ಸಲೀಸು. ಉದ್ದ ಪದ ಬಂದರೆ ಮಾತ್ರ ತಲೆ ನೋಡಿ ಬಾಲ ಊಹಿಸುವಳು, ಥೇಟ್ ನನ್ನ ಮಗಳ ಹಾಗೆ. ಈ ತಿಂಗಳಲ್ಲಿ ಓದಲು ಬರದಿದ್ದರೆ ಬಿಡಿಸಿ ಡ್ಯಾನ್ಸ್ ಕ್ಲಾಸಿಗೆ ಹಾಕುತ್ತೇವೆ, ಅವಳಿಗೂ ಬೇಸರ ಬಂದಿದೆ ಎಂದು ಅವಳಮ್ಮ ಹೇಳಿದ್ದರು. ಇನ್ನೊಂದು ಮಗುವನ್ನು ನನ್ನ ಬಾಯಿಯಿಂದ ಕಳೆದುಕೊಳ್ಳಬಾರದು ಎಂದು ನಿಶ್ಚಯಿಸಿಕೊಂಡೆ. ಕಾಗದದ ಚೀಟಿಗಳನ್ನು ಕತ್ತರಿಸಿ, ಮಡಿಕೆ ಹಾಕಿ, ಮೂರು ಭಾನುವಾರ ತುಟಿ ಕಚ್ಚಿಕೊಂಡು ಕಲಿಸಿದೆ.

ತಿಂಗಳ ಕೊನೆಯ ಭಾನುವಾರ ಹಳಿ ರಿಪೇರಿಯೆಂದು ಎಲಿಜಬೆತ್ ಲೈನ್ ರೈಲು ನಿಂತಿತ್ತು. ಮಗಳು ಕಾರಿನಲ್ಲಿ ಹೇಸ್‌ವರೆಗೆ ಬಿಡಲು ಬಂದಳು. ವಾಪಸು ಹೋಗಿ ಮತ್ತೆ ಬರುವುದು ಯಾಕೆಂದು ಹಾಲ್‌ನ ಹಿಂದಿನ ಕುರ್ಚಿಯಲ್ಲಿ ಫೋನು ಹಿಡಿದು ಕುಳಿತಳು. ನನ್ನ ಕ್ಲಾಸನ್ನು ಅವಳು ನೋಡಿದ್ದು ಅದೇ ಮೊದಲು. ಉಳಿದ ಮಕ್ಕಳು ಹೋದ ಮೇಲೂ ನಾನು ಆ ಹುಡುಗಿಯನ್ನು ಉಳಿಸಿಕೊಂಡೆ. ಅವಳ ಪಾಠದಲ್ಲಿ ‘ಹಿಂತಿರುಗಿಸಬೇಕಾಗಿತ್ತು’ ಎಂಬ ಪದವಿತ್ತು, ಅದನ್ನು ಚೀಟಿಯಲ್ಲಿ ಬರೆದುಕೊಟ್ಟೆ. ಅವಳು ಚೀಟಿಯನ್ನು ಮಡಚುವ ಗೋಜಿಗೇ ಹೋಗದೆ ‘ಹಿಂದೆ’ ಎಂದಳು. ಇನ್ನೊಮ್ಮೆ ನೋಡು ಎಂದೆ. ‘ಹಿಂದೆ ಇತ್ತು’ ಎಂದಳು. ಇನ್ನೊಮ್ಮೆ. ‘ಹಿಂದಿತ್ತು.’

"ಎಷ್ಟು ಸಲ ಹೇಳ್ಬೇಕು ನಿನಗ? ತಲ್ಯಾಗ ಏನೈತಿ?"

ಹಾಲ್‌ ತುಂಬ ನನ್ನ ಧ್ವನಿ. ಹುಡುಗಿ ಪೆನ್ಸಿಲನ್ನು ಡಬ್ಬಿಯೊಳಗಿಟ್ಟು ಮುಚ್ಚಿದಳು. ಕ್ಷಮೆ ಕೇಳಲು ಬಾಯಿ ತೆರೆದೆ, ಆ ಮಾತು ಮಾತ್ರ ನನಗೆ ಕನ್ನಡದಲ್ಲಿ ತಯಾರಿರಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಕುರ್ಚಿ ಸರಿದ ಸದ್ದು ಕೇಳಿತು. ಮಗಳು ಬಂದು ಹುಡುಗಿಯ ಪಕ್ಕದ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಮಡಚಿ ಕುಳಿತು, ಚೀಟಿಯನ್ನು ಎತ್ತಿಕೊಂಡು, ತನಗೂ ಇದು ಓದಲು ಬರುವುದಿಲ್ಲ, ಹೇಳಿಕೊಡುತ್ತೀಯಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಹುಡುಗಿ ನನ್ನ ಮುಖ ನೋಡಿದಳು. ಮಗಳೂ ನೋಡಿದಳು.

"ಅವ್ವಾ, ನೀ ಹೊರಗ ಹೋಗು. ನೀ ಇದ್ರ ನನಗ ಓದಾಕ ಬರಂಗಿಲ್ಲ."

ಇಪ್ಪತ್ತು ವರ್ಷದಲ್ಲಿ ಅವಳು ನನ್ನ ಜೊತೆ ಆಡಿದ ಮೊದಲ ಕನ್ನಡದ ಮಾತು ಅದು. ಸಿಟ್ಟಿರಲಿಲ್ಲ ಅದರಲ್ಲಿ. ಇದ್ದ ಸಂಗತಿಯನ್ನು ಇದ್ದಂತೆ ಹೇಳಿದಳು. ನಾನು ಹೊರಗೆ ಬಂದು ಬಾಗಿಲು ಎಳೆದುಕೊಂಡು, ಪ್ಯಾಸೇಜಿನಲ್ಲಿ ಕೋಟುಗಳ ಪಕ್ಕ ನಿಂತೆ. ಅಳು ಬಂತು, ಅತ್ತೆ.

ಒಳಗೆ ಚೀಟಿ ಮಡಚುವುದು ಕೇಳಿಸುವುದಿಲ್ಲ, ಮಾತು ಕೇಳಿಸುತ್ತದೆ. ಮೊದಲು ಮಗಳು, ‘ಹಿಂದೆ?’ ಎಂದಳು. ಎಂಟು ವರ್ಷದವಳಿದ್ದಾಗ ಇದ್ದ ಅದೇ ಅಂಜಿದ ಧ್ವನಿ.

"ಅಲ್ಲ ಅಕ್ಕ, ಪೂರ ಕಾಂಬುಕಾಗ. ಇಷ್ಟೇ ಕಾಣಿ," ಎಂದಳು ಹುಡುಗಿ. ತಮ್ಮ ಮನೆಯ ಕುಂದಾಪುರದ ಮಾತಿನಲ್ಲಿ, ಪೂರ್ತಿ ನೋಡಬಾರದು, ಇಷ್ಟನ್ನೇ ನೋಡಿ ಎಂದು ಹೇಳುತ್ತಿದ್ದಳು. ನನ್ನೆದುರು ಒಮ್ಮೆಯೂ ಆ ಮಾತು ಆಡಿದವಳಲ್ಲ. ‘ಹಿಂ’ ಎಂದು ತಾನು ಓದಿದಳು. ಮಗಳು ಅದನ್ನೇ ಓದಿದಳು. ‘ತಿರುಗಿಸ’ ಎಂದಳು ಹುಡುಗಿ, ಬಾಗಿಲ ಹಿಡಿಯನ್ನು ತಿರುಗಿಸುತ್ತೇವಲ್ಲ ಅದು ಎಂದು ವಿವರಿಸಿದಳು. ‘ಬೇಕಾಗಿತ್ತು’ ಮಗಳಿಗೆ ತಾನಾಗಿ ಬಂತು. ಆಮೇಲೆ ಇಬ್ಬರೂ ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಕೂಡಿಸಿ ಓದಿದರು. ಹುಡುಗಿ ಮುಂದಿನ ಚೀಟಿ ತೆಗೆದಳು.

ಅಷ್ಟರಲ್ಲಿ ಹುಡುಗಿಯ ಅಮ್ಮ ಕರೆದುಕೊಂಡು ಹೋಗಲು ಬಂದರು. ಟೀಚರ್ ಹೊರಗಿದ್ದಾರೆ, ಬಾಗಿಲು ಮುಚ್ಚಿದೆ ಎಂದು ಅವರಿಗೆ ಗಾಬರಿ. ಹಿಡಿಗೆ ಕೈ ಹಾಕಲು ಹೋದವರನ್ನು ನಾನು ತಡೆದೆ. ಒಳಗೆ ಪಾಠ ನಡೆಯುತ್ತಿದೆ, ಸ್ವಲ್ಪ ಹೊತ್ತು ಇಲ್ಲೇ ಇರೋಣ ಎಂದೆ.

"ಯಾರು ಹೇಳಿಕೊಡ್ತಿದ್ದಾರೆ?"

ನಿಮ್ಮ ಮಗಳು ಎಂದೆ. ಯಾರಿಗೆ ಎಂದು ಕೇಳಿದರು. ನನ್ನ ಮಗಳಿಗೆ ಎಂದೆ.