ರೆಕ್ಕೆಗೆ ಮೆಂತ್ಯದ ತೇಪೆ

ನಮ್ಮ ಕ್ಯಾಲನೂರಿನ ಬತ್ತಿದ ಕೆರೆಯಂಗಳಕ್ಕೆ ಪುಟ್ಟ ವಿಮಾನವೊಂದು ಇಳಿದು, ಜಾಲಿಗಿಡಕ್ಕೆ ತಗುಲಿ ರೆಕ್ಕೆ ಹರಿದುಕೊಂಡು ನಿಂತಿತು. ಎರಡನೇ ಮಹಾಯುದ್ಧ ಶುರುವಾಗುವ ಮೊದಲಿನ ಮಾತು. ನಾನು ಸಗಣಿ ಬುಟ್ಟಿ ಇಳಿಸಿ ಹತ್ತಿರ ಹೋಗಿ ನೋಡಿದರೆ ರೆಕ್ಕೆ ಬರೀ ಬಟ್ಟೆ.

ಅದನ್ನು ಹಾರಿಸಿಕೊಂಡು ಬಂದವನು ಬೆಂಗಳೂರಿನವನು. "ದುಡ್ಡು ಕೊಟ್ಟು ಕೊಂಡ ವಿಮಾನ ಅಂದ್ರೆ ಆನೆ ಸಾಕಿದಂಗೆ ಕಣಮ್ಮ, ದಿನಾ ರಿಪೇರಿ. ಅದಕ್ಕೇ ನಾನೇ ಮನೇಲಿ ಮಾಡ್ಕೊಂಡೆ. ಖರ್ಚೇ ಇಲ್ಲ" ಎಂದ.

"ಮತ್ಯಾಕೆ ಸ್ವಾಮಿ ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ದೀರ?" ಎಂದೆ.

ಕೋಲಾರದಲ್ಲಿರುವ ಅವನ ಮಾವ ಇದನ್ನು ಗಾಳಿಪಟ ಎಂದು ಆಡಿಕೊಂಡಿದ್ದರಂತೆ. ಸಂಜೆಯೊಳಗೆ ಅವರ ಮನೆಯ ಮೇಲೆ ಹಾರದಿದ್ದರೆ ಮಾನ ಉಳಿಯದಂತೆ. ತೂತು ಬಿದ್ದ ಮೊರಕ್ಕೆ ಅಂಟಾಗಿ ಹಚ್ಚಲು ನಾನು ಮೆಂತ್ಯ ನೆನೆಹಾಕಿದ್ದೆ. ಅದನ್ನೇ ಅರೆದು ತಂದು, ನಮ್ಮ ಯಜಮಾನರ ಹಳೇ ಪಂಚೆ ಹರಿದು ರೆಕ್ಕೆಗೆ ತೇಪೆ ಅಂಟಿಸಿದೆ. ನಮ್ಮೂರ ಕಮ್ಮಾರ ಸೊಟ್ಟಗಾದ ಚಕ್ರ ನೆಟ್ಟಗೆ ಮಾಡಿದ. ತೇಪೆ ಒಣಗಿದ ಮೇಲೆ ಹತ್ತು ಜನ ಸೇರಿ ನೂಕಿದರು. ಎಲ್ಲವನ್ನೂ ತಾನೇ ಮಾಡಿಕೊಂಡವನು ಕೈಬೀಸಿ ಹಾರಿಹೋದ.

ಮುಂದಿನ ತಿಂಗಳು ಅವನು ನಮ್ಮೂರಿಗೆ ಬಸ್ಸಿನಲ್ಲಿ ಬಂದ. ಮಾವ ನೋಡಿದರೇ ಎಂದು ಕೇಳಿದೆ.

"ನೋಡಿದ್ರಮ್ಮ. ಇಳಿದ ತಕ್ಷಣ ಊಟಕ್ಕೆ ಕೂರಿಸಿದ್ರು. ಅಷ್ಟರಲ್ಲಿ ಅವರ ಎಮ್ಮೆ ತೇಪೆ ನೆಕ್ಕಿ ಕಿತ್ತುಹಾಕ್ತು" ಎಂದ.

ಅಂದು ಜಾಲಿಗಿಡದಲ್ಲಿ ಉಳಿದಿದ್ದ ರೆಕ್ಕೆಯ ತುಂಡನ್ನು ನಾನು ನನ್ನ ಮೊರಕ್ಕೆ ಅಂಟಿಸಿದೆ. ಹನ್ನೆರಡು ವರ್ಷ ಅದರಲ್ಲಿ ರಾಗಿ ಕೇರಿದೆ. ಒಂದು ದಿನವೂ ಅದು ರಿಪೇರಿ ಕೇಳಲಿಲ್ಲ.